ಜಲ್ಲಿಯ ಕೆಳಗಿನ ಕಬ್ಬಿಣ ಹುಡುಕೋದು ಹೇಗೆ: ಒಂದು ದಬ್ಬಳ, ಒಂದು ಬಿರಡೆ, ಕುಯೂನಾದಲ್ಲಿ ಒಂದು ದಿನ

ನಾನು ಸಂಡೂರು ಕಡೆಯವನು. ನಮ್ಮಲ್ಲಿ ಅದಿರು ಹುಡುಕೋಕೆ ಯಾರೂ ಕಷ್ಟಪಡಬೇಕಿಲ್ಲ. ಗುಡ್ಡದ ನೆತ್ತಿಯ ಮೇಲೇ ಕೂತಿರುತ್ತೆ, ಮಳೆ ಬಂದರೆ ಹಳ್ಳವೇ ಕೆಂಪಗೆ ಹರಿಯುತ್ತೆ. ಅಮೆರಿಕದ ಮಿನ್ನೆಸೋಟದಲ್ಲಿರೋ ಕುಯೂನಾ ರೇಂಜ್ ಅನ್ನೋ ಕಬ್ಬಿಣದ ಅದಿರಿನ ಸೀಮೆಗೆ ಮೊದಲ ಸಲ ಹೋದಾಗ ಗುಡ್ಡ ಎಲ್ಲಿ ಅಂತ ಹುಡುಕಿದೆ. ಇಲ್ಲ. ಕೆರೆ, ಪೈನ್ ಮರ, ಚಪ್ಪಟೆ ನೆಲ, ಅಷ್ಟೇ. ಸುಮಾರು 190 ಕೋಟಿ ವರ್ಷ ಹಳೆಯ ಕಬ್ಬಿಣದ ಪದರ ಇದೆ, ಆದರೆ ಹಿಮನದಿಗಳು ಕರಗಿ ಹೋಗುವಾಗ ಬಿಟ್ಟುಹೋದ ಜಲ್ಲಿ, ಮರಳು, ಜೇಡಿಯ ಕೆಳಗೆ. ಕೆಲವು ಕಡೆ 50 ಅಡಿ ಆಳ, ಕೆಲವು ಕಡೆ 200 ಅಡಿಗೂ ಜಾಸ್ತಿ.

ಹಾಗಾದರೆ ಕಂಡುಹಿಡಿದದ್ದು ಹೇಗೆ? ಸೂಜಿಯಿಂದ. ಆ ಸೂಜಿಯನ್ನು ನೀವೂ ಮನೆಯಲ್ಲೇ ಮಾಡಬಹುದು.

ಒಂದು ದಬ್ಬಳ ತಗೊಳ್ಳಿ, ಗೋಣಿಚೀಲ ಹೊಲಿಯುವುದು. ಬಾಟಲಿಯ ಬಿರಡೆಯಿಂದ ಒಂದು ತುಂಡು ಕತ್ತರಿಸಿ, ದಬ್ಬಳವನ್ನು ಅದರ ಮಧ್ಯೆ ತೂರಿಸಿ. ಈಗ ಬಿರಡೆಯ ಎರಡೂ ಪಕ್ಕಕ್ಕೆ ಒಂದೊಂದು ಗುಂಡುಪಿನ್ನು ಚುಚ್ಚಿ, ದಬ್ಬಳಕ್ಕೆ ಅಡ್ಡವಾಗಿ, ಎರಡೂ ಒಂದೇ ಗೆರೆಯಲ್ಲಿ. ಹಿತ್ತಾಳೆ ಪಿನ್ನು ಸಿಕ್ಕರೆ ಒಳ್ಳೆಯದು. ಎಲ್ಲರೂ ಎಡವೋದು ಇಲ್ಲೇ: ಪಿನ್ನು ದಬ್ಬಳಕ್ಕಿಂತ ಕೂದಲೆಳೆಯಷ್ಟು ಮೇಲಿರಬೇಕು. ಕೆಳಗಿದ್ದರೆ ಇಡೀ ಸೂಜಿ ಮಗುಚಿಕೊಳ್ಳುತ್ತೆ, ತೀರಾ ಮೇಲಿದ್ದರೆ ಅಲುಗಾಡುವುದೇ ಇಲ್ಲ. ಎರಡು ಗಾಜಿನ ಲೋಟದ ಅಂಚಿನ ಮೇಲೆ ಪಿನ್ನುಗಳನ್ನು ಕೂರಿಸಿ. ಸ್ಟೀಲ್ ಲೋಟ ಬೇಡ, ಕೆಲವು ಅಯಸ್ಕಾಂತಕ್ಕೆ ಅಂಟುತ್ತವೆ. (ನಮ್ಮನೆಯಲ್ಲಿ ಗಾಜಿನ ಲೋಟ ಹುಡುಕೋದೇ ಅದಿರು ಹುಡುಕಿದಷ್ಟು ಕಷ್ಟವಾಯ್ತು.)

ಅಯಸ್ಕಾಂತ ಮುಟ್ಟಿಸುವ ಮೊದಲೇ ದಬ್ಬಳವನ್ನು ಹಿಂದೆ ಮುಂದೆ ಸರಿಸಿ ತಕ್ಕಡಿ ಥರ ಸಮವಾಗಿ ನಿಲ್ಲಿಸಿ. ಆಮೇಲೆ ಒಳ್ಳೆಯ ಅಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ, ಮೂವತ್ತು ಸಲ ಉಜ್ಜಿ. ಮತ್ತೆ ಲೋಟಗಳ ಮೇಲಿಟ್ಟು ಸೂಜಿಯನ್ನು ಉತ್ತರ-ದಕ್ಷಿಣಕ್ಕೆ ತಿರುಗಿಸಿ. ಒಂದು ತುದಿ ನೆಲದ ಕಡೆ ಬಗ್ಗುತ್ತೆ. ಅದು ಉತ್ತರದ ತುದಿ, ನೇಲ್ ಪಾಲಿಶ್ ಹಚ್ಚಿ ಗುರುತು ಮಾಡಿ. ಭೂಮಿಯ ಕಾಂತಕ್ಷೇತ್ರ ಮಿನ್ನೆಸೋಟದಲ್ಲಿ 70 ಡಿಗ್ರಿಗೂ ಜಾಸ್ತಿ ಕೆಳಕ್ಕೆ ಬಾಗಿದೆ, ಅದಕ್ಕೇ ಸೂಜಿ ಅಲ್ಲಿ ಬಾವಿ ಇಣುಕುವವರ ಥರ ಬಗ್ಗುತ್ತೆ. ಬೆಂಗಳೂರಲ್ಲಿ ಅದೇ ಸೂಜಿ ಹೆಚ್ಚುಕಡಿಮೆ ಮಲಗೇ ಇರುತ್ತೆ. ಇನ್ನೊಂದು ತುದಿಗೆ ಚೂರೇ ಚೂರು ಮೇಣ ಅಂಟಿಸಿ ಮತ್ತೆ ಅಡ್ಡಕ್ಕೆ ತನ್ನಿ. ಹಳೆಯ ಅದಿರು ಶೋಧಕರ ಡಿಪ್ ನೀಡಲ್‌ನಲ್ಲೂ ಹೀಗೇ ಒಂದು ಪುಟ್ಟ ತೂಕ ಇರುತ್ತಿತ್ತು. ಈಗ ಸೂಜಿ ಕೆಳಕ್ಕೆ ಜಗ್ಗಿದರೆ ಕೆಳಗೆ ಏನೋ ಎಳೀತಿದೆ ಅಂತ ಅರ್ಥ.

ಅದು ಕಾರೂ ಆಗಿರಬಹುದು. ನನ್ನ ಮೊದಲ ಸಲದ ದೊಡ್ಡ ಶೋಧ ನನ್ನದೇ ಕಾರು. ಕನಿಷ್ಠ ಮೂವತ್ತು ಹೆಜ್ಜೆ ದೂರ ಹೋಗಿ, ಬೆಲ್ಟ್ ಬಕಲ್, ಬೀಗದ ಕೈ ಎಲ್ಲ ತೆಗೆದಿಡಿ. ಗಾಳಿ ಜೋರಿದ್ದರೆ ದಬ್ಬಳ ಕೈಕೊಡುತ್ತೆ, ಆಗ ಫೋನಿನ ಮ್ಯಾಗ್ನೆಟೋಮೀಟರ್ ಆ್ಯಪ್ ಬಳಸಿ. ಕವರ್‌ನಲ್ಲಿ ಅಯಸ್ಕಾಂತ ಇದ್ದರೆ ಕಳಚಿ. ಅಲ್ಲಿ ಸಾಮಾನ್ಯವಾಗಿ 55 ಮೈಕ್ರೋಟೆಸ್ಲಾ (ಕಾಂತಕ್ಷೇತ್ರದ ಅಳತೆ) ಆಸುಪಾಸು ತೋರಿಸಬೇಕು.

ಕುಯೂನಾದ ಪದರಗಳು ಈಶಾನ್ಯದಿಂದ ನೈರುತ್ಯಕ್ಕೆ ಓಡುತ್ತವೆ. ನೀವು ಅದಕ್ಕೆ ಅಡ್ಡಡ್ಡ ನಡೆಯಬೇಕು. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಬರೆದುಕೊಳ್ಳಿ. ಸ್ವಲ್ಪ ದೂರ ಸರಿದು ಇನ್ನೊಂದು ಗೆರೆ, ಆಮೇಲೆ ಮತ್ತೊಂದು. ಜಾಸ್ತಿ ಎಳೆದ ಜಾಗಗಳನ್ನು ಕಾಗದದ ಮೇಲೆ ಸೇರಿಸಿದರೆ ಪಟ್ಟಿಯೊಂದು ಮೂಡುತ್ತೆ. ಎಳೆತ ದಿಢೀರ್ ಏರಿ ದಿಢೀರ್ ಇಳಿದರೆ ಕಲ್ಲು ಹತ್ತಿರದಲ್ಲಿದೆ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿದರೆ ಮೇಲೆ ಜಲ್ಲಿ ದಪ್ಪ ಇದೆ.

ಕುಯೂನಾದ ಅದಿರು ಪತ್ತೆಹಚ್ಚಿದ ಕೈಲರ್ ಆಡಮ್ಸ್ ಮಾಡಿದ್ದೂ ಇದನ್ನೇ. 1880ರ ದಶಕದಲ್ಲಿ ಡೀರ್‌ವುಡ್ ಹತ್ತಿರ ದಿಕ್ಸೂಚಿ ತಪ್ಪು ದಿಕ್ಕು ತೋರಿಸ್ತಿದೆ ಅಂತ ಅವರಿಗೆ ಅನುಮಾನ ಬಂತು. ಅಲ್ಲಿಂದ ವರ್ಷಗಟ್ಟಲೆ ಸೂಜಿ ಹಿಡಿದು ಕಾಡು ಸುತ್ತಿದರು. ಜೊತೆಗೆ ಊನಾ ಅನ್ನೋ ಸೇಂಟ್ ಬರ್ನಾರ್ಡ್ ನಾಯಿ. 1903-04ರ ಹೊತ್ತಿಗೆ ಡ್ರಿಲ್ ಹಾಕಿದಾಗ ಅದಿರು ಸಿಕ್ಕಿತು. ಕೈಲರ್‌ನ (Cuyler) ‘Cuy’, ಜೊತೆಗೆ ಊನಾ (Una), ಅದೇ ಕುಯೂನಾ (Cuyuna). ನಾಯಿಗೆ ಸಮಪಾಲು ಸಿಕ್ಕಿದೆ, ಸರಿಯಾಗಿಯೇ ಇದೆ. ಅದೇ ರಾಜ್ಯದ ವರ್ಮಿಲಿಯನ್ ರೇಂಜ್‌ನಿಂದ 1884ರಲ್ಲಿ, ಮೆಸಾಬಿಯಿಂದ 1892ರಲ್ಲಿ ಅದಿರು ಹೊರಟಿತ್ತು. ಕುಯೂನಾದ ಮೊದಲ ಲೋಡು ಕೆನಡಿ ಗಣಿಯಿಂದ ಹೋಗೋಕೆ 1911 ಆಯಿತು. ಜಲ್ಲಿ ಹೊದ್ದು ಮಲಗಿದ್ದಕ್ಕೆ ಇಷ್ಟು ತಡ.

ಒಂದು ವಿಷಯ ಮರೀಬೇಡಿ. ಸೂಜಿ ತೋರಿಸೋದು ಅದಿರನ್ನಲ್ಲ, ಅದಿರಿನ ನೆಂಟರನ್ನು. ಸೂಜಿಯನ್ನು ಎಳೆಯೋದು ಮ್ಯಾಗ್ನೆಟೈಟ್ ಅನ್ನೋ ಕಾಂತಗುಣದ ಕಬ್ಬಿಣದ ಖನಿಜ. ಗಣಿಯವರಿಗೆ ಬೇಕಾದ ಒಳ್ಳೆಯ ಕೆಂಪು, ಹಳದಿ ಅದಿರು, ಅಂದರೆ ಹೆಮಟೈಟ್, ಗೋಥೈಟ್, ಸೂಜಿಯನ್ನು ಸರಿಯಾಗಿ ಮಾತಾಡಿಸೋದೂ ಇಲ್ಲ. ಪಟ್ಟಿ ಸಿಕ್ಕಮೇಲೆ ಅದರ ಅಕ್ಕಪಕ್ಕದಲ್ಲಿ ಡ್ರಿಲ್ ಹಾಕಿಯೇ ನೋಡಬೇಕು, ಅದರಲ್ಲೇ ಎಷ್ಟೋ ಜನ ದುಡ್ಡು ಕಳೆದುಕೊಂಡರು.

ಇನ್ನು ಮೇಲಿನ ಜಲ್ಲಿ. ಅದನ್ನು ನಂಬಲೇಬೇಡಿ. ಹಳೆಯ ಗುಂಡಿಯ ಅಂಚಲ್ಲಿ ಒಂದು ಹಿಡಿ ತೆಗೆದು ನೋಡಿ: ಗ್ರಾನೈಟ್, ಕರಿಕಲ್ಲು, ಅದೃಷ್ಟ ಇದ್ದರೆ ಲೇಕ್ ಸುಪೀರಿಯರ್ ಕಡೆಯ ಕೆಂಪು ಅಗೇಟ್. ಮೂಲೆ ಸವೆದು ಗುಂಡಗಾಗಿವೆ. ಒಂದಕ್ಕೊಂದು ಸಂಬಂಧವೇ ಇಲ್ಲ, ಜಾತ್ರೆಗೆ ಬಂದವರ ಥರ. ಹಿಮ ಎಲ್ಲೆಲ್ಲಿಂದಲೋ ಹೊತ್ತು ತಂದು ಸುರಿದದ್ದು. ಅದರಲ್ಲೊಂದು ಕಬ್ಬಿಣದ ಕಲ್ಲು ಸಿಕ್ಕಿದರೆ ಅದರ ತವರು ಕೆಳಗೇ ಇದೆ ಅಂತಲ್ಲ. ಪ್ಲಾಸ್ಟಿಕ್ ಕವರಲ್ಲಿ ಅಯಸ್ಕಾಂತ ಸುತ್ತಿ ಮರಳಲ್ಲಿ ಆಡಿಸಿದರೆ ಕಪ್ಪು ಪುಡಿ ಅಂಟುತ್ತೆ, ಅದೂ ಸಾಕ್ಷಿಯಲ್ಲ.

ಕಲ್ಲಿನ ಪರೀಕ್ಷೆಗೆ ಟೈಲ್ಸಿನ ಹಿಂಬದಿ ಸಾಕು, ಹೊಳಪಿಲ್ಲದ ಭಾಗ. ಕಲ್ಲನ್ನು ಗೀರಿ. ಕುಂಕುಮದಂತೆ ಕೆಂಪು-ಕಂದು ಬಂದರೆ ಹೆಮಟೈಟ್, ಹಳದಿ-ಕಂದು ಬಂದರೆ ಗೋಥೈಟ್, ಕಪ್ಪು ಬಂದು ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್. ಕಪ್ಪಗಿದ್ದು, ಅಂಟದೆ, ಬೆರಳಿಗೆ ಒಲೆಯ ಮಸಿ ಥರ ಮೆತ್ತಿಕೊಂಡರೆ ಬಹುಶಃ ಮ್ಯಾಂಗನೀಸ್. ನನಗೆ ಊರು ನೆನಪಾಗಿದ್ದು ಇಲ್ಲೇ, ಸಂಡೂರಲ್ಲೂ ಕಬ್ಬಿಣ-ಮ್ಯಾಂಗನೀಸ್ ಅಕ್ಕಪಕ್ಕ. ಉಕ್ಕಿಗೆ ಮ್ಯಾಂಗನೀಸ್ ಬೇಕೇ ಬೇಕು, ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಹೊರಗಿನ ಸರಕು ಕಡಿಮೆಯಾದಾಗ ಕುಯೂನಾಕ್ಕೆ ಎಲ್ಲಿಲ್ಲದ ಬೆಲೆ ಬಂತು. ಕಲ್ಲು ಮನೆಗೆ ತರುವ ಮೊದಲು ಅಲ್ಲಿನ ಪಾರ್ಕ್ ಕಚೇರಿಯಲ್ಲಿ ಕೇಳಿ.

ಕ್ರಾಸ್ಬಿ, ಐರನ್‌ಟನ್ ಸುತ್ತ ಕಾಣೋ ನೀಲಿ ಕೆರೆಗಳಲ್ಲಿ ಎಷ್ಟೋ ಹಳೆಯ ಗಣಿಗಳು. ಪಂಪು ನಿಂತಿತು, ನೀರು ತುಂಬಿತು. 1993ರಲ್ಲಿ ಈ ಜಾಗವನ್ನು ರಾಜ್ಯದ ವಿಹಾರತಾಣ ಮಾಡಿದರು. ಈಗ ಕೆಂಪು ಮಣ್ಣಿನ ಮೇಲೆ ಜನ ಸೈಕಲ್ ಹೊಡೀತಾರೆ. ದಡ ಕಡಿದಾಗಿದೆ, ಎರಡು ಹೆಜ್ಜೆಗೇ ಆಳ ಸಿಗಬಹುದು, ಮಕ್ಕಳ ಕೈ ಬಿಡಬೇಡಿ. ಬಿಳಿ ಶೂ ಬೇಡ.

ಕೊನೆಗೆ ಮಿಲ್ಫೋರ್ಡ್ ಗಣಿ ಇದ್ದ ಜಾಗಕ್ಕೆ ಹೋಗಿ. ಹಿಮ ಬಿಟ್ಟುಹೋದ ಈ ನೆಲ ನೀರು ಕುಡಿದ ನೆಲ, ಅದರ ಕೆಳಗೆ ಸುರಂಗ ಕೊರೆಯೋದು ಅಂದರೆ ತುಂಬಿದ ಕೆರೆಯ ತಳ ಕೆರೆದ ಹಾಗೆ. 1924ರ ಫೆಬ್ರವರಿ 5ರಂದು ಪಕ್ಕದ ಫೋಲಿ ಕೆರೆಯ ಕೆಸರು, ನೀರು ಗಣಿಗೆ ನುಗ್ಗಿತು. ಇಪ್ಪತ್ತು ನಿಮಿಷದೊಳಗೆ ಹೆಚ್ಚುಕಡಿಮೆ ಇಡೀ ಗಣಿ ತುಂಬಿತು. 7 ಜನ ಏಣಿ ಹತ್ತಿ ಪಾರಾದರು, 41 ಜನ ಉಳಿಯಲಿಲ್ಲ. ಕ್ಲಿಂಟನ್ ಹ್ಯಾರಿಸ್ ಅನ್ನುವವರು ಓಡಿಹೋಗದೆ ಕೆಳಗೇ ನಿಂತು ಎಚ್ಚರಿಕೆಯ ಸೀಟಿಯ ಹಗ್ಗ ಎಳೆದರು, ಅವರು ತೀರಿಕೊಂಡ ಮೇಲೂ ಸೀಟಿ ಗಂಟೆಗಟ್ಟಲೆ ಕೂಗ್ತಾನೇ ಇತ್ತು. ಎಲ್ಲರ ದೇಹ ಹೊರತೆಗೆಯೋಕೆ ತಿಂಗಳುಗಳೇ ಹಿಡಿದವು. ಈಗ ಅಲ್ಲಿ ಸ್ಮಾರಕ ಪಾರ್ಕ್ ಇದೆ, ಜೌಗಿನ ಮೇಲೆ ಮರದ ಹಲಗೆಯ ದಾರಿ. ದಬ್ಬಳ, ಲೋಟ ಎಲ್ಲ ಕಾರಲ್ಲೇ ಬಿಟ್ಟು ಹೋಗಿ.