ಖೋ-ಖೋ ಬಿಡದೆ ಲಾಂಗ್ ಜಂಪ್

ಎರಡು ಆಟ ಆಡುವ ಹುಡುಗಿ ಕಾಲೇಜಿಗೆ ಬಂದರೆ ಎಲ್ಲರೂ ಕೊಡುವ ಸಲಹೆ ಒಂದೇ: "ಒಂದು ಬಿಟ್ಟುಬಿಡವಾ." ಹಾವೇರಿ ಜಿಲ್ಲೆಯ ಹಳ್ಳಿಯಿಂದ ಧಾರವಾಡಕ್ಕೆ ಡಿಗ್ರಿ ಓದಲು ಬಂದಾಗ ನನಗೂ ಅದನ್ನೇ ಹೇಳಿದರು. ನಾನು ಬಿಡಲಿಲ್ಲ. ಕೊನೆಯ ವರ್ಷದವರೆಗೂ ಖೋ-ಖೋ ತಂಡದಲ್ಲಿದ್ದೆ, ಲಾಂಗ್ ಜಂಪ್ ಕೂಡ ಮಾಡಿದೆ. ಎರಡರಲ್ಲೂ ಯೂನಿವರ್ಸಿಟಿ ಬ್ಲೂ ಆದೆ, ಅಂದರೆ ಯೂನಿವರ್ಸಿಟಿಯ ಪರವಾಗಿ ಆಡಿದೆ. ಈಗ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. "ಅಕ್ಕೋರ, ಅದ್ಹೆಂಗ ಮಾಡಿದ್ರಿ?" ಎಂದು ಹುಡುಗಿಯರಿಗಿಂತ ಅವರ ಅಪ್ಪ-ಅವ್ವನೇ ಹೆಚ್ಚು ಕೇಳುತ್ತಾರೆ. ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕಾಲಿನ ವಿಚಾರ. ಖೋ-ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ, ಓಡುವವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಬೆನ್ನಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ಸಾಲಿನ ತುದಿಯ ಕಂಬ ತಲುಪುವವರೆಗೆ ಬದಲಿಸುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ಓಡುವವಳಿಗೆ ಆ ಕಟ್ಟುಪಾಡು ಇಲ್ಲ. ಹಾಗಾಗಿ ಅವಳ ಜಾಣತನವೆಲ್ಲ ಗಕ್ಕನೆ ನಿಲ್ಲುವುದರಲ್ಲಿ, ಸೊಂಟ ತಗ್ಗಿಸಿ ಸಣ್ಣ ಸಣ್ಣ ಹೆಜ್ಜೆ ಹಾಕುವುದರಲ್ಲಿ, ಎಡಕ್ಕೆ ಹೊರಟಂತೆ ತೋರಿಸಿ ಬಲಕ್ಕೆ ನುಗ್ಗುವುದರಲ್ಲಿ ಇರುತ್ತದೆ. ಲಾಂಗ್ ಜಂಪ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನೆಟ್ಟಗೆ ನಿಂತು, ಹೆಜ್ಜೆ ಉದ್ದ ಮಾಡುತ್ತ, ವೇಗ ಏರಿಸುತ್ತ ಹೋಗಿ 20 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಪಾದ ಊರಿ ಉಸುಕಿನ ಹೊಂಡಕ್ಕೆ ಜಿಗಿಯಬೇಕು. ಹಲಗೆ ಹತ್ತಿರ ಬಂತೆಂದು ಹೆಜ್ಜೆ ಚಿಕ್ಕದು ಮಾಡಿದರೆ ಅಲ್ಲಿಯವರೆಗೆ ಕೂಡಿಟ್ಟ ವೇಗವೆಲ್ಲ ಸೋರಿಹೋಗುತ್ತದೆ.

ಖೋ-ಖೋ ಆಡಿದ ಕಾಲು ಹಲಗೆ ಕಂಡ ಕೂಡಲೇ ತಡವರಿಸುವುದು ಸಹಜ. ಎಲ್ಲರೂ ಇದನ್ನೇ ತೋರಿಸಿ "ಒಂದು ಬಿಡು" ಅನ್ನುತ್ತಾರೆ. ಆದರೆ ಇದೇ ಖೋ-ಖೋ ಜಿಗಿತಕ್ಕೆ ಕೊಡುವುದೂ ಇದೆ, ಅದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹಲಗೆಯ ಮೇಲೆ ಪಾದ ಇರುವುದು ಒಂದು ಸೆಕೆಂಡಿನ ಹೆಚ್ಚುಕಡಿಮೆ ಎಂಟನೇ ಒಂದು ಭಾಗ ಮಾತ್ರ. ಅಷ್ಟರಲ್ಲಿ ಮುಂದಕ್ಕೆ ಓಡುತ್ತಿದ್ದ ಮೈಯನ್ನು ಮೇಲಕ್ಕೆ ಎತ್ತಬೇಕು. ಅದಕ್ಕೆ ಕಾಲು ಮೈಗಿಂತ ಸ್ವಲ್ಪ ಮುಂದೆ ಬಿದ್ದು, ಮಂಡಿ ಕುಸಿಯದೆ, ಪೂರ್ತಿ ಭಾರವನ್ನು ತಡೆದು ಹಿಡಿಯಬೇಕು. ಖೋ-ಖೋದಲ್ಲಿ ಎಡಗಾಲು ಊರಿ ಬಲಕ್ಕೆ ಹೊರಳುವಾಗಲೂ ಆ ಕಾಲು ಇದೇ ಕೆಲಸ ಮಾಡುತ್ತದೆ. ನಾನು ಜಿಗಿಯುತ್ತಿದ್ದದ್ದೂ ಎಡಗಾಲಿನ ಮೇಲೆ. ವರ್ಷಗಟ್ಟಲೆ ಮಸಾರಿ ನೆಲದಲ್ಲಿ ಹೊರಳಿ ಹೊರಳಿ ಗಟ್ಟಿಯಾದ ಆ ಕಾಲನ್ನು ಯಾವ ಜಿಮ್ಮಿನಲ್ಲೂ ಅಷ್ಟು ಸುಲಭಕ್ಕೆ ಮಾಡಿಕೊಳ್ಳಲಾಗುತ್ತಿರಲಿಲ್ಲ.

ಹಾಗಾದರೆ ತಡವರಿಕೆಗೆ ಏನು ಮಾಡಿದೆವು? ಅಥ್ಲೆಟಿಕ್ಸ್ ಸರ್ ನನಗೆ ಹಲಗೆ ನೋಡುವುದನ್ನೇ ಬಿಡಿಸಿದರು. ನನ್ನ ರನ್‌ಅಪ್ 16 ಹೆಜ್ಜೆಯದು, ಸುಮಾರು 30 ಮೀಟರ್. ಹಲಗೆಗಿಂತ ನಾಲ್ಕು ಹೆಜ್ಜೆ ಹಿಂದೆ, ಪಕ್ಕದಲ್ಲಿ, ಒಂದು ಬಿಳಿ ಟೇಪಿನ ತುಂಡು ಅಂಟಿಸುತ್ತಿದ್ದರು. ಅದು ನನಗಲ್ಲ, ಅವರಿಗೆ. ನನ್ನ ಪಾದ ಆ ಟೇಪಿನ ಎದುರು ಬಿತ್ತೋ, ಒಂದು ಗೇಣು ಹಿಂದೆ ಬಿತ್ತೋ ಎಂದು ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುವವರು ಅವರು. ನನಗೆ ಇದ್ದ ಹುಕುಂ ಇಷ್ಟೇ: "ಹೊಂಡದ ಆಚೆ ಇರೋ ಗಿಡಾ ನೋಡಕೋತ ಓಡು, ಕೆಳಗ ನೋಡಬ್ಯಾಡ." ಎಷ್ಟೋ ದಿನ ಜಿಗಿಯುವುದೇ ಇರಲಿಲ್ಲ, ಹಲಗೆ ದಾಟಿ ಉಸುಕಿನ ಮೇಲೆ ಹಾಗೇ ಓಡಿ ಹೋಗುವುದು. ಜಿಗಿಯುವ ದಿನ ಪೂರ್ತಿ ರನ್‌ಅಪ್ಪಿನ ಜಿಗಿತ ಏಳೆಂಟಕ್ಕಿಂತ ಹೆಚ್ಚಿಲ್ಲ.

ಖೋ-ಖೋ ಟೂರ್ನಿ ಮುಗಿಸಿ ಬಂದಾಗಲೆಲ್ಲ ನನ್ನ ಹೆಜ್ಜೆ ಗಿಡ್ಡವಾಗಿರುತ್ತಿತ್ತು. ಹಳೆಯ ಗುರುತಿನಿಂದ ಓಡಿದರೆ ಪಾದ ಹಲಗೆಯ ಈಚೆಗೇ ಬೀಳುತ್ತಿತ್ತು. ಅದಕ್ಕೆ ಟೂರ್ನಿ ನಂತರದ ಮೊದಲ ಕೆಲಸ ಟೇಪು ಹಿಡಿದು ರನ್‌ಅಪ್ ಹೊಸದಾಗಿ ಅಳೆಯುವುದು, ಶುರುವಿನ ಗುರುತನ್ನು ಮುಂದಕ್ಕೆ ತರುವುದು, ವೇಗ ಮರಳಿದ ಹಾಗೆ ಮತ್ತೆ ಹಿಂದಕ್ಕೆ ಒಯ್ಯುವುದು. ಎರಡು ಆಟ ಆಡುವವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದು.

ವರ್ಷದ ಲೆಕ್ಕವನ್ನು ಧಾರವಾಡದ ಮಳೆಯೇ ಮಾಡಿಕೊಡುತ್ತಿತ್ತು. ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಅಂಕಣದಲ್ಲಿ ಕಾಲಿಡುವಂತಿಲ್ಲ, ಎರಿ ಮಣ್ಣಾದರೆ ಮೆಟ್ಟಿಗೇ ಸೇರುಗಟ್ಟಲೆ ಅಂಟಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಭಾರ ಎತ್ತುವುದು, ಯೂನಿವರ್ಸಿಟಿ ಇರುವ ಛೋಟಾ ಮಹಾಬಳೇಶ್ವರ ಗುಡ್ಡದ ಏರಿನಲ್ಲಿ ಓಟ. ಏರು ಹತ್ತುವಾಗ ಮಂಡಿ ತಾನಾಗಿ ಮೇಲೇಳುತ್ತದೆ, ಮುಂಗಾಲಿನ ಮೇಲೆ ಓಡುವುದು ರೂಢಿಯಾಗುತ್ತದೆ. ಎರಡೂ ಆಟಕ್ಕೂ ಬೇಕಾದದ್ದು. ಮಳೆ ತೆರವಾದ ಮೇಲೆ ಖೋ-ಖೋ ಮುಂದೆ, ಜಂಪ್ ಹಿಂದೆ. ಚಳಿಗಾಲ ಹತ್ತಿರಾದಂತೆ ಅದಲು ಬದಲು. ಒಂದೇ ದಿನ ಎರಡೂ ಬಂದರೆ ಜಂಪ್ ಬೆಳಿಗ್ಗೆ, ಖೋ-ಖೋ ಸಂಜೆ. ದಣಿದ ಕಾಲಿಗೆ ಡಾಡ್ಜ್ ಹೊಡೆಯುವುದು ಹೇಗೋ ಆದೀತು, ವೇಗ ಕಲಿಯುವುದು ಆಗದು.

ಇಬ್ಬರು ಗುರುಗಳ ನಡುವೆ ನಾನು ಹರಿದುಹೋಗದಂತೆ ಉಳಿಸಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಹಿಂದಿನ ದಿನ ಏನು ಮಾಡಿದೆ, ಎಷ್ಟು ಹೊತ್ತು ಮಲಗಿದೆ, ಎಲ್ಲಿ ನೋವಿದೆ, ಮುಟ್ಟಿನ ಎಷ್ಟನೇ ದಿನ – ಎಲ್ಲ ಅದರಲ್ಲಿ. ಮುಟ್ಟಿನ ವಿಷಯ ಬಾಯಿಬಿಟ್ಟು ಹೇಳಲು ಆಗ ಸಂಕೋಚ, ಮೂಲೆಯಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ, ಇಬ್ಬರೂ ಏನೂ ಕೇಳದೆ ತಿಳಿದುಕೊಳ್ಳುತ್ತಿದ್ದರು. ಅಥ್ಲೆಟಿಕ್ಸ್ ಸರ್ ಅದರಲ್ಲೇ ಬರೆಯುತ್ತಿದ್ದರು: "ಈಕಿಗೆ ನಾಳೆ ಪೋಲ್ ಡೈವ್ ಕೊಡಬ್ಯಾಡ್ರಿ, ನಾಡದ ಜಂಪ್ ಐತಿ." (ಪೋಲ್ ಡೈವ್ ಅಂದರೆ ಕಂಬ ಹಿಡಿದು ಮೈ ಚಾಚಿ ಓಡುವವಳನ್ನು ಮುಟ್ಟುವುದು.) ಕೆಳಗೆ ಖೋ-ಖೋ ಸರ್ ಉತ್ತರ: "ಆತ್ರಿ. ಶನಿವಾರ ಮಾತ್ರ ನನಗ ಬೇಕ." ಆ ಇಬ್ಬರ ದೊಡ್ಡತನ ನನಗೆ ಈಗ, ನಾನೂ ತಂಡ ಕಟ್ಟುವಾಗ, ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಒಳ್ಳೆಯ ಆಟಗಾರ್ತಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದು ಸಣ್ಣ ಮಾತಲ್ಲ.

ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಬರೀ ಉಪ್ಪಿಟ್ಟು. ಊರಿಂದ ಅವ್ವ ಕಳಿಸುತ್ತಿದ್ದ ಶೇಂಗಾ ಉಂಡಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ನನ್ನನ್ನು ನಡೆಸಿದವು. ಸಂಜೆಗೆ ಮೊಳಕೆ ಹೆಸರುಕಾಳು, ಬೇಯಿಸಿದ ತತ್ತಿ. ಎರಡನೇ ವರ್ಷ ಏಕೋ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಕಡಿಮೆ. ಡಾಕ್ಟರ್ ಕಬ್ಬಿಣದ ಗುಳಿಗೆ ಕೊಟ್ಟು, ಊಟದ ಜೊತೆ ಚಹಾ ಬೇಡ, ಲಿಂಬೆಹಣ್ಣು ಹಿಂಡಿಕೊ ಎಂದರು. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಲಿಂಬೆ ಹತ್ತಿಸುತ್ತದೆ. ನಮ್ಮ ಭಾಗದ ಹುಡುಗಿಯರು "ಸುಸ್ತು" ಎಂದರೆ ಸೋಮಾರಿತನ ಅಂದುಕೊಳ್ಳುವ ಮೊದಲು ಆ ಒಂದು ಪರೀಕ್ಷೆ ಮಾಡಿಸಿ, ದಯವಿಟ್ಟು.

ಮನೆಯಲ್ಲಿ ಒಪ್ಪಿಸಿದವನು ಅಣ್ಣ. ಗದಗದ ಕ್ರಿಕೆಟಿಗ ಸುನೀಲ್ ಜೋಶಿ ನಸುಕಿನಲ್ಲೇ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ಮರಳಿ ಶಾಲೆ ಸೇರುತ್ತಿದ್ದ ಕತೆ ಅವನಿಗೆ ಕಂಠಪಾಠ, ಅದನ್ನು ಅಪ್ಪನಿಗೆ ಹೇಳಿ ಹೇಳಿ ಒಪ್ಪಿಸಿದ. ಎರಡು ಆಟದ ವಿಷಯಕ್ಕೆ ಖೋ-ಖೋ ಸರ್ ಹೇಳುತ್ತಿದ್ದ ಹೆಸರುಗಳು ಬೇರೆ. ಚುನಿ ಗೋಸ್ವಾಮಿ 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಫುಟ್‌ಬಾಲ್ ತಂಡದ ನಾಯಕ, ಬಂಗಾಳಕ್ಕೆ ರಣಜಿ ಕ್ರಿಕೆಟ್ಟನ್ನೂ ಆಡಿದವರು. ನನಗೆ ಹೆಚ್ಚು ಹಿಡಿಸಿದ್ದು ಜಾಕಿ ರಾಬಿನ್‌ಸನ್. 1947ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ವರ್ಣಭೇದದ ಗೋಡೆ ಒಡೆದ ಆಟಗಾರ, ಕಾಲೇಜಿನಲ್ಲಿ ನಾಲ್ಕು ಆಟ ಆಡುತ್ತಿದ್ದರು. 1940ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾಕೂಟದ ಲಾಂಗ್ ಜಂಪ್ ಗೆದ್ದಿದ್ದರು. ಮುಂದೆ ಎದುರಾಳಿಯ ಕಣ್ತಪ್ಪಿಸಿ ಬೇಸ್ ಕದಿಯುವುದರಲ್ಲಿ, ಅಂದರೆ ಚೆಂಡು ಹೊಡೆಯಲು ಕಾಯದೆ ಮುಂದಿನ ಬೇಸಿಗೆ ಓಡಿಬಿಡುವುದರಲ್ಲಿ, ಹೆಸರು ಮಾಡಿದರು. ಆ ಓಟದಲ್ಲಿ ನನಗೆ ನಮ್ಮ ಖೋ-ಖೋನೇ ಕಾಣುತ್ತದೆ.

ಡಿಗ್ರಿ ಮುಗಿಯುವಾಗ ನನ್ನ ಅತ್ಯುತ್ತಮ ಜಿಗಿತ ಐದೂವರೆ ಮೀಟರಿನ ಆಸುಪಾಸು. ಭಾರತದ ಲಾಂಗ್ ಜಂಪ್ ಆಟಗಾರ್ತಿ ಅಂಜು ಬಾಬಿ ಜಾರ್ಜ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 6.83 ಮೀಟರ್ ಜಿಗಿದಿದ್ದಾರೆ. ಆ ಅಂತರ ನನಗೆ ಗೊತ್ತಿತ್ತು, ಬೇಜಾರಿಲ್ಲದೆ ದೈಹಿಕ ಶಿಕ್ಷಣ ಶಿಕ್ಷಕರಾಗಲು ಓದುವ ಬಿ.ಪಿ.ಎಡ್ ಸೇರಿದೆ. ಈಗಿನ ಹುಡುಗಿಯರಿಗೆ ಖೋ-ಖೋದಲ್ಲಿ ನನಗಿಲ್ಲದ ದಾರಿಯೂ ಇದೆ: 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ನಮ್ಮ ಮಹಿಳಾ ತಂಡ ಗೆದ್ದಿತು.

ಪಾಲಕರು ಕೊನೆಗೆ ಕೇಳುವುದು ನೌಕರಿ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ಖೋ-ಖೋ, ಅಥ್ಲೆಟಿಕ್ಸ್ ಎರಡೂ ಇವೆ. ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದವರು ಆ ಕೋಟಾಕ್ಕೆ ಬೇಕಾದ ಪ್ರಮಾಣಪತ್ರದ ನಮೂನೆ ಫಾರ್ಮ್-3 ತುಂಬಿಸಿ ಯೂನಿವರ್ಸಿಟಿಯ ಕ್ರೀಡಾ ವಿಭಾಗದ ಸಹಿ ಆಗಿಂದಾಗ ಮಾಡಿಸಿಟ್ಟುಕೊಳ್ಳಿ. ಎರಡು ಆಟಕ್ಕೆ ಎರಡು ಬೇರೆ ಬೇರೆ ಫಾರ್ಮ್. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ಅದರ ನೇಮಕಾತಿ ಪ್ರಕಟಣೆ ಮೇಲೂ ಕಣ್ಣಿಡಿ. ನಮ್ಮ ಶಾಲೆಯ ಒಂಬತ್ತನೇ ತರಗತಿಯ ಖೋ-ಖೋ ಹುಡುಗಿಯೊಬ್ಬಳು ಈ ವರ್ಷ ಜಂಪ್ ಶುರು ಮಾಡಿದ್ದಾಳೆ. ಅವಳ ಅಪ್ಪನಿಗೆ ನಾನು ಮೊದಲು ತರಲು ಹೇಳಿದ್ದು ಒಂದು ಉದ್ದನೆ ಅಳತೆ ಟೇಪು, ಒಂದು ನೋಟ್‌ಬುಕ್ಕು.