ದೋಟಿಗೆ ನೇತುಹಾಕಿದ ಎರಡು ಮೈಕ್: ತಾಳಮದ್ದಳೆ ರೆಕಾರ್ಡಿಂಗ್‌ನಲ್ಲಿ ನನ್ನ ಅನುಭವ

"ಎರಡೇ ಮೈಕ್‌ನಲ್ಲಿ ಇಡೀ ತಾಳಮದ್ದಳೆ ಬರುವುದಿಲ್ಲ ಮಾರಾಯಾ." ತಾಳಮದ್ದಳೆ ಅಂದರೆ ಕೂತು ಮಾತು, ಹಾಡಿನಲ್ಲೇ ನಡೆಸುವ ಯಕ್ಷಗಾನ. ಅದರ ರೆಕಾರ್ಡಿಂಗ್ ವಿಷಯದಲ್ಲಿ ನಾಲ್ಕು ವರ್ಷ ಈ ಮಾತು ಕೇಳಿದ್ದೇನೆ. ಹೇಳಿದವರೆಲ್ಲ ಕೆಲಸ ಗೊತ್ತಿರುವವರೇ. ಒಬ್ಬರು 20 ವರ್ಷದಿಂದ ಸೌಂಡ್ ಸಿಸ್ಟಮ್ ಕಟ್ಟುವವರು, ಇನ್ನೊಬ್ಬರು ಮಂಗಳೂರಿನಲ್ಲಿ ಸ್ವಂತ ಸ್ಟುಡಿಯೋ ಇಟ್ಟವರು. ಕಳೆದ ಮಳೆಗಾಲದಲ್ಲಿ ಎರಡೇ ಮೈಕ್‌ನಲ್ಲಿ ಬಂತು. ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಹಾಗಾಗಿ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ತಾಂತ್ರಿಕ ಶಬ್ದಗಳನ್ನು ಉದ್ದಕ್ಕೆ ವಿವರಿಸಲು ಹೋಗುವುದಿಲ್ಲ.

ತಾಳಮದ್ದಳೆಗೆ ಸ್ಟೀರಿಯೋ ಯಾಕೆ ಅಂತ ಕೇಳುವವರು ಜಾಸ್ತಿ. ಕೂರುವ ರೀತಿ ನೋಡಿ. ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ಅರ್ಥಧಾರಿಗಳು ಎದುರು ಬದುರು ಕೂರುತ್ತಾರೆ. ಒಂದು ಕಡೆ ರಾಮ, ಇನ್ನೊಂದು ಕಡೆ ವಾಲಿ. ನಡುವೆ, ಸ್ವಲ್ಪ ಹಿಂದಕ್ಕೆ, ಹಿಮ್ಮೇಳ: ಹಾಡುವ ಭಾಗವತರು, ಮದ್ದಳೆ, ಚೆಂಡೆ, ಚಕ್ರತಾಳ. ವೇಷ ಇಲ್ಲ, ಕುಣಿತ ಇಲ್ಲ. ಮಾತು ಈ ಕಡೆಯಿಂದ ಹೊರಟು ಆ ಕಡೆ ತಾಗಿ ಉತ್ತರವಾಗಿ ತಿರುಗಿ ಬರುತ್ತದೆ, ಅಷ್ಟೇ ಇರುವುದು. ಆ ಹೋಗಿ ಬರುವ ದಾರಿಯೇ ರೆಕಾರ್ಡಿಂಗ್‌ನಲ್ಲಿ ಇಲ್ಲದಿದ್ದರೆ ಇಬ್ಬರು ಒಂದೇ ಜಾಗದಲ್ಲಿ ಕೂತು ಸರದಿಯಲ್ಲಿ ಭಾಷಣ ಮಾಡಿದ ಹಾಗೆ ಕೇಳುತ್ತದೆ. ಇದು ನನ್ನನ್ನು ಬಹಳ ಕಾಡಿದ ವಿಷಯ. ಎಷ್ಟು ಒಳ್ಳೆಯ ಅರ್ಥಗಳು ಹಾಗೆ ಚಪ್ಪಟೆಯಾಗಿ ಉಳಿದುಹೋಗಿವೆ!

ಮೊದಲ ವರ್ಷ ಎಲ್ಲರಂತೆ ನಾನೂ ಸೌಂಡ್‌ನವರ ಮಿಕ್ಸರ್‌ನಿಂದ ನೇರ ಲೈನ್ ತೆಗೆದುಕೊಂಡೆ. ಮಾತು ಸ್ಪಷ್ಟ, ಆದರೆ ಮೋನೋ, ಎಡ ಬಲ ಅಂತ ಇಲ್ಲ. ಸಭೆಗೆ ಜೋರಾಗಿ ಕೇಳುವ ಚೆಂಡೆಗೆ ಮಿಕ್ಸರ್‌ನಲ್ಲಿ ಮೈಕೇ ಇರುವುದಿಲ್ಲ, ಹಾಗಾಗಿ ಅದು ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ. ಎರಡನೇ ವರ್ಷ ಕೈಯಲ್ಲಿ ಹಿಡಿಯುವ ರೆಕಾರ್ಡರ್‌ನ ಎಕ್ಸ್‌ವೈ ಮೈಕನ್ನೇ (ಮೂತಿ ಒಂದೇ ಕಡೆ ಸೇರಿಸಿ ಅಡ್ಡಡ್ಡ ಇಟ್ಟ ಎರಡು ಮೈಕ್) ನಂಬಿ, ವೇದಿಕೆಯ ಅಂಚಿನಲ್ಲಿ ಸಣ್ಣ ಟ್ರೈಪಾಡ್ ಮೇಲೆ ಇಟ್ಟೆ. 90 ಡಿಗ್ರಿ ಎಕ್ಸ್‌ವೈ ಹಿಡಿಯುವ ಅಗಲ ಬಹಳ ದೊಡ್ಡದು. 3 ಮೀಟರ್ ಅಂತರದಲ್ಲಿ ಕೂತ ಇಬ್ಬರು ಅದರಲ್ಲಿ ನಡುವಿಗೆ ಒತ್ತಿಕೊಂಡು ಕೇಳಿದರು. ಅದು ಸಾಲದ್ದಕ್ಕೆ ವೇದಿಕೆಯ ಹಲಗೆಯ ಗುಡುಗುಡು. ಮದ್ದಳೆಯ ಪ್ರತಿ ಪೆಟ್ಟೂ ಟ್ರೈಪಾಡ್ ಕಾಲಿನಿಂದ ಹತ್ತಿ ಬಂದಿತ್ತು.

ಮೂರನೇ ವರ್ಷದ್ದು ದುಬಾರಿ ತಪ್ಪು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಜೋಡಿ ಪೆನ್ಸಿಲ್ ಕಂಡೆನ್ಸರ್ (ಸಣಕಲು ಉದ್ದನೆಯ ಮೈಕ್) ಸಿಕ್ಕಿತು, 19 ಸಾವಿರವೋ 20 ಸಾವಿರವೋ ಕೊಟ್ಟೆ. ಎರಡು ಸ್ಟ್ಯಾಂಡ್, ನಡುವೆ 2 ಮೀಟರ್ ಅಂತರ, ಅಗಲ ಮಾಡಿದರೆ ಸ್ಟೀರಿಯೋ ಚೆನ್ನಾಗಿ ಬರುತ್ತದೆ ಅಂತ ಆಗಿನ ಲೆಕ್ಕ. ರಾಮ ಎಡಕ್ಕೆ, ವಾಲಿ ಬಲಕ್ಕೆ ಬಂದರು ನಿಜ. ಆದರೆ ನಡುವೆ ದೊಡ್ಡ ಹೊಂಡ. ಭಾಗವತರು ಎಲ್ಲಿ ಕೂತು ಹಾಡುತ್ತಿದ್ದಾರೆ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ. ಮೋನೋ ಮಾಡಿ ಕೇಳಿದರೆ ಡಬ್ಬದೊಳಗಿನ ದನಿ. ಅದೂ ಸಾಲದು ಅಂತ ಚಹಾ ಹಂಚುವ ಹುಡುಗನ ಕಾಲಿಗೆ ಕೇಬಲ್ ಸಿಕ್ಕಿ ಒಂದು ಸ್ಟ್ಯಾಂಡ್ ಬಿತ್ತು. ಹುಡುಗನ ತಪ್ಪಲ್ಲ, ಕೇಬಲ್‌ಗೆ ಟೇಪ್ ಹಾಕದ ತಪ್ಪು ನನ್ನದು. ರಿಪೇರಿಗೆ 2,800. ಅಂದಿನಿಂದ ಆ ಮೈಕಿನ ಶಬ್ದ ತನ್ನ ಜೋಡಿಗಿಂತ ಸುಮಾರು 2 ಡೆಸಿಬೆಲ್ (ಡಿಬಿ) ಕಡಿಮೆ. ಪ್ರತಿ ಸಲ ಶುರುವಿಗೆ ಎರಡನ್ನೂ ಒಟ್ಟಿಗೆ ಹಿಡಿದು, ಒಂದೇ ಶಬ್ದ ಕೊಟ್ಟು, ಗೇನ್ (ರೆಕಾರ್ಡರ್ ಶಬ್ದವನ್ನು ಏರಿಸುವ ಮಟ್ಟ) ಸರಿ ಮಾಡಿಕೊಳ್ಳುತ್ತೇನೆ. ಈ ಅಭ್ಯಾಸ ಒಳ್ಳೆಯದೇ ಆಯಿತು, ಹೊಸ ಜೋಡಿ ಇದ್ದವರೂ ಮಾಡಿ.

ಆಮೇಲೆ ಓಆರ್‌ಟಿಎಫ್‌ಗೆ ಬಂದೆ. ಎರಡು ಮೈಕ್ ಇಡುವ ಫ್ರಾನ್ಸಿನ ರೇಡಿಯೋದವರ ಪದ್ಧತಿ, ನಡುವೆ 17 ಸೆಂ.ಮೀ. ಅಂತರ, 110 ಡಿಗ್ರಿ ಕೋನ. ಈ ಕೆಲಸ ಮಾಡುವವರಿಗೆಲ್ಲ ಅದು ಬಾಯಿಪಾಠ. ನನಗೂ ಬಾಯಿಪಾಠವೇ ಇತ್ತು. ಆದರೂ ಒಂದು ಇಡೀ ಸೀಸನ್ ತಪ್ಪು ಮಾಡಿದೆ. 17 ಸೆಂ.ಮೀ. ಅಳೆದದ್ದು ಕ್ಲಿಪ್‌ನಿಂದ ಕ್ಲಿಪ್‌ಗೆ. ಅಳೆಯಬೇಕಾದದ್ದು ಮೈಕಿನ ಮೂತಿಯಿಂದ ಮೂತಿಗೆ. ನನ್ನ ಕ್ಲಿಪ್ ಮೂತಿಯಿಂದ ಸುಮಾರು 8 ಸೆಂ.ಮೀ. ಹಿಂದೆ ಕೂರುತ್ತದೆ. ಮೈಕನ್ನು 55 ಡಿಗ್ರಿ ಹೊರಕ್ಕೆ ತಿರುಗಿಸಿದಾಗ ಪ್ರತಿ ಮೂತಿ ಆರೂವರೆ ಸೆಂ.ಮೀ. ಆಚೆ ಹೋಗುತ್ತದೆ. ಎರಡೂ ಸೇರಿ 13. ಅಂದರೆ ನಾನು 17 ಅಂದುಕೊಂಡದ್ದು ನಿಜವಾಗಿ 30 ಆಗಿತ್ತು! ಮತ್ತೆ ನಡುವೆ ಹೊಂಡ. ನನ್ನ ಕ್ಲಿಪ್‌ಗಳ ನಡುವೆ ಬರೀ 4 ಸೆಂ.ಮೀ. ಇಟ್ಟರೆ ಮಾತ್ರ ಮೂತಿಗಳ ನಡುವೆ 17 ಬರುತ್ತದೆ. ಇದನ್ನು ಒಂದು ಬೆಳಗ್ಗೆ ಊಟದ ಮೇಜಿನ ಮೇಲೆ ಸ್ಕೇಲ್ ಇಟ್ಟು ನೋಡಿದಾಗ ಹೊಟ್ಟೆ ಉರಿದುಹೋಯಿತು. 11 ಕಾರ್ಯಕ್ರಮ ಹಾಗೆ ರೆಕಾರ್ಡ್ ಮಾಡಿದ್ದೆ.

ಇನ್ನು ಎರಡೂ ಮೈಕ್ ಕೂರಿಸುವ ಪಟ್ಟಿಯ, ಅಂದರೆ ಬಾರ್‌ನ ಕಥೆ. ಆನ್‌ಲೈನ್‌ನಲ್ಲಿ 450 ರೂಪಾಯಿಗೆ ಪ್ಲಾಸ್ಟಿಕ್ ಸ್ಟೀರಿಯೋ ಬಾರ್ ಸಿಗುತ್ತದೆ. ತೆಗೆದುಕೊಳ್ಳಬೇಡಿ. ಕೇಬಲ್‌ನ ಭಾರಕ್ಕೆ ಮೈಕ್ ಮೆಲ್ಲನೆ ತಿರುಗುತ್ತದೆ. ಬೆಳ್ತಂಗಡಿ ಕಡೆಯ ಒಂದು ಕಾರ್ಯಕ್ರಮ ಮನೆಗೆ ಬಂದು ಕೇಳುತ್ತಿದ್ದೆ. ಮೊದಲ ಗಂಟೆ ಎಲ್ಲ ಸರಿ. ಎರಡನೇ ಗಂಟೆಗೆ ಏನೋ ಅನುಮಾನ. ಮೂರನೇ ಗಂಟೆಗೆ ಬಲಗಡೆ ಇದ್ದ ವಾಲಿ ಸರಿದು ಸರಿದು ಭಾಗವತರ ಪಕ್ಕ ಬಂದು ಕೂತಿದ್ದಾನೆ. ಬಲಗಡೆಯ ಮೈಕ್ ಒಳಕ್ಕೆ ತಿರುಗಿಬಿಟ್ಟಿತ್ತು. ಕಂಪ್ಯೂಟರ್‌ನಲ್ಲಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಎಷ್ಟು ಪ್ಯಾನ್ ಮಾಡಿದರೂ (ಶಬ್ದವನ್ನು ಎಡಕ್ಕೋ ಬಲಕ್ಕೋ ಸರಿಸಿದರೂ) ಹಿಮ್ಮೇಳವೂ ಜೊತೆಗೆ ಸರಿಯುತ್ತದೆ.

ಮರುವಾರ ಪುತ್ತೂರಿನ ಒಂದು ಲೇತ್ ಅಂಗಡಿಗೆ ಹೋದೆ. 25 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಕ್ಲಿಪ್‌ಗೆ ಒಂದು ತೂತು, ಅದರ ಪಕ್ಕದಲ್ಲಿ ಸಣ್ಣ ಪಿನ್ನಿಗೆ ಇನ್ನೊಂದು ತೂತು. ಪಿನ್ ಕೂತರೆ ಕ್ಲಿಪ್ ತಿರುಗಲು ಸಾಧ್ಯವೇ ಇಲ್ಲ. ಮಗನ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು 110, 95, 90 ಡಿಗ್ರಿಗೆ ಬೇರೆ ಬೇರೆ ಪಿನ್ ತೂತು ಹಾಕಿಸಿದೆ. 3/8 ಇಂಚಿನ ಬೋಲ್ಟ್ ಹುಡುಕಲು ಮೂರು ಹಾರ್ಡ್‌ವೇರ್ ಅಂಗಡಿ ಸುತ್ತಬೇಕಾಯಿತು. ಎಲ್ಲ ಸೇರಿ 400 ರೂಪಾಯಿ ಒಳಗೆ. ಕೇಬಲ್ ಎರಡನ್ನೂ ಬಾರ್‌ಗೆ ಕಟ್ಟುತ್ತೇನೆ, ಮೈಕಿನ ಹಿಂದೆ ಸಣ್ಣ ಸಡಿಲು ಬಿಟ್ಟು. ಭಾರ ಬಾರ್ ಮೇಲೆ ಬೀಳಬೇಕು, ಮೈಕಿನ ಮೇಲೆ ಬೀಳಬಾರದು.

ಬಾರ್ ಆಯಿತು. ಅದನ್ನು ಎಲ್ಲಿ ಇಡುವುದು? ಸ್ಟ್ಯಾಂಡ್ ಎತ್ತರ ಮಾಡಿದರೆ ಸಭೆಗೆ ಅಡ್ಡ, ತಗ್ಗು ಮಾಡಿದರೆ ಹಲಗೆಯ ಗುಡುಗು, ಮುಂದಿನ ಸಾಲಿನವರ ಪಿಸುಮಾತು. ಉತ್ತರ ನಮ್ಮ ಮನೆಯ ಅಟ್ಟದಲ್ಲೇ ಇತ್ತು. ಅಡಿಕೆ ಕೊಯ್ಯುವ ಹಳೇ ಅಲ್ಯೂಮಿನಿಯಂ ದೋಟಿ, ಅಂದರೆ ಉದ್ದದ ಕೋಲು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಕಡೆಯ ದೇವಸ್ಥಾನದ ಸಭಾಭವನಗಳಲ್ಲಿ ವೇದಿಕೆಯ ಮುಂದೆ ಎರಡು ಕಂಬ ಇದ್ದೇ ಇರುತ್ತವೆ. ದೋಟಿಯನ್ನು ಕಂಬದಿಂದ ಕಂಬಕ್ಕೆ ಅಡ್ಡಲಾಗಿ ಕಟ್ಟಿದೆ, ಕಂಬಕ್ಕೂ ದೋಟಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ಸುತ್ತು. ಬಾರ್ ಅದರ ನಡುವಿನಿಂದ ನೇತಾಡುತ್ತದೆ. ಒಂದೇ ದಾರ ಕಟ್ಟಿದರೆ ಫ್ಯಾನ್ ಗಾಳಿಗೆ ತಿರುಗುತ್ತದೆ, ಹಾಗಾಗಿ ಎರಡು ತುದಿಗೆ ಎರಡು ದಾರ, ಹಿಂದಕ್ಕೆ ಎಳೆದು ಹಿಡಿಯಲು ಮೂರನೆಯದು. ಮೀನು ಹಿಡಿಯುವ ದಪ್ಪ ನೈಲಾನ್ ದಾರ ಆಗುತ್ತದೆ, ಸಭೆಯಿಂದ ಕಾಣಿಸುವುದೂ ಇಲ್ಲ. ಮೂರನೇ ದಾರದ ಗಂಟು ಸ್ವಲ್ಪ ಬಿಗಿ ಮಾಡಿದರೆ ಮೂತಿ ಕೆಳಗೆ ಬಾಗುತ್ತದೆ, ಸಡಿಲ ಮಾಡಿದರೆ ಏಳುತ್ತದೆ.

ಎತ್ತರ ವೇದಿಕೆಯಿಂದ 2 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅರ್ಥಧಾರಿಗಳ ಸಾಲಿನಿಂದ ಮುಂದಕ್ಕೆ ಸುಮಾರು ಒಂದೂಕಾಲು ಮೀಟರ್. ಇಷ್ಟು ಹತ್ತಿರ ಬಂದಾಗ 110 ಡಿಗ್ರಿ ಇಟ್ಟರೆ ಇಬ್ಬರೂ ಪೂರ್ತಿ ತುದಿಗೆ ಹೋಗಿ ಸ್ಪೀಕರ್‌ಗೆ ಅಂಟಿಕೊಳ್ಳುತ್ತಾರೆ. ಹಾಗಾಗಿ 95ರ ಪಿನ್. ಮೂತಿಗಳ ನಡುವಿನ 17 ಸೆಂ.ಮೀ. ಹಾಗೇ ಇರಲಿ. ಕೋನ ಕಡಿಮೆ ಮಾಡಿದರೆ ಇಬ್ಬರೂ ಒಂದೊಂದು ಹೆಜ್ಜೆ ಒಳಗೆ ಬರುತ್ತಾರೆ, ಭಾಗವತರು ನಡುವೆ ಗಟ್ಟಿಯಾಗಿ ನಿಲ್ಲುತ್ತಾರೆ.

ಮತ್ತೊಂದು ತೊಂದರೆ ಇತ್ತು. ಇಬ್ಬರೂ ಮಾತಾಡುವುದು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೈಕಿನ ಕಡೆಗಲ್ಲ. ಪಕ್ಕದಿಂದ ಹಿಡಿದ ದನಿಯಲ್ಲಿ ಸ, ಶ, ಚ ಮಂಕಾಗುತ್ತದೆ. ಈಕ್ಯೂ ಹಾಕಿ ಆ ತೆಳು ದನಿಯನ್ನಷ್ಟೇ ಏರಿಸಿದರೆ ಚಕ್ರತಾಳ ಕಿವಿ ಕೊರೆಯುತ್ತದೆ. ಪರಿಹಾರ ಕುರ್ಚಿಯಲ್ಲಿತ್ತು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ನಾನೇ ಹೋಗಿ ಎರಡೂ ಕಡೆಯ ಕುರ್ಚಿಗಳನ್ನು ಒಂದು ಗೇಣು ಸಭೆಯ ಕಡೆಗೆ ತಿರುಗಿಸಿ ಇಡುತ್ತೇನೆ. ಯಾರಿಗೂ ಹೇಳುವುದಿಲ್ಲ. ಬಂದವರು ಹಾಗೇ ಕೂರುತ್ತಾರೆ.

ಸೌಂಡ್ ಬಾಕ್ಸ್‌ಗಳು ನನ್ನ ಬಾರ್‌ಗಿಂತ ಕನಿಷ್ಠ 2 ಮೀಟರ್ ಮುಂದೆ, ಸಭೆಯ ಕಡೆ ಮುಖ ಮಾಡಿ ಇರಬೇಕು. ಆಗ ಮೈಕ್‌ಗೆ ಬರುವುದು ಬಾಕ್ಸಿನ ಬೆನ್ನಿನ ದಪ್ಪ ಶಬ್ದ ಮಾತ್ರ, 80 ಹರ್ಟ್ಜ್ ಕೆಳಗೆ ಕತ್ತರಿಸಿದರೆ ಅದರಲ್ಲಿ ಸ್ವಲ್ಪ ಹೋಗುತ್ತದೆ. ಕಲಾವಿದರಿಗೆ ಕೇಳಲೆಂದು ಅವರ ಕಡೆ ಮುಖ ಮಾಡಿದ ಮಾನಿಟರ್ ಬಾಕ್ಸ್ ಮಾತ್ರ ಶತ್ರು. ಸೌಂಡ್‌ನವರ ಹತ್ತಿರ ಮೊದಲೇ ಹೋಗಿ ಚಹಾ ಕುಡಿದು ಮಾತಾಡಿ ಅದನ್ನು ತಗ್ಗಿಸಿಕೊಳ್ಳಿ. ಚೆಂಡೆ ಎಲ್ಲವನ್ನೂ ನುಂಗದಂತೆ ನಾನು ಹಿಮ್ಮೇಳದ ಹತ್ತಿರ ಮಾಡುವ ಒಂದು ಸಣ್ಣ ಏರ್ಪಾಡು ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮಳೆಗಾಲ ಕಳೆದು ಕಲಿತದ್ದು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗೇನ್ ವಿಷಯ ಮಾತ್ರ ಹೇಳುತ್ತೇನೆ. ಮಾತು ಮೀಟರ್‌ನಲ್ಲಿ ಮೈನಸ್ 30 ಡಿಬಿಯ ಹತ್ತಿರ ಆಡಿದರೆ ಹೆದರಬೇಡಿ, 24 ಬಿಟ್‌ನಲ್ಲಿ ಅದು ಸಾಕು. ಚೆಂಡೆಯ ಉರುಳಿಕೆ ಬಂದಾಗ ಮೀಟರ್‌ನ ಮೇಲಿನ ಆ ಖಾಲಿ ಜಾಗ ಬೇಕಾಗುತ್ತದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಗೆಳೆಯರ ಹತ್ತಿರ ಎರಡು ಫಿಗರ್ ಎಯ್ಟ್ ಮೈಕ್ (ಮುಂದೆ, ಹಿಂದೆ ಎರಡೂ ಕಡೆ ಹಿಡಿಯುವವು) ಸಾಲ ತಂದು ಬ್ಲಮ್‌ಲೈನ್ ಪದ್ಧತಿಯಲ್ಲಿ ಹಾಕಿ ನೋಡಿದೆ, ಅಲನ್ ಬ್ಲಮ್‌ಲೈನ್ 1931ರಲ್ಲಿ ಅರ್ಜಿ ಹಾಕಿದ ಪೇಟೆಂಟ್ ಅದು. ಹಿಮ್ಮೇಳ ಎಷ್ಟು ಜೀವಂತ ಅಂದರೆ ಮದ್ದಳೆಯ ಎಡ ಬಲ ಕೈ ಬೇರೆ ಬೇರೆ ಕೇಳುತ್ತದೆ. ಆದರೆ ಹಿಂದಿನ ಸಭೆಯೂ ಪೂರ್ತಿ ಬರುತ್ತದೆ, ಅದೂ ತಿರುಗುಮುರುಗಾಗಿ. ಎಡಗಡೆ ಕೂತವರ ಕೆಮ್ಮು ಬಲಗಡೆ! ಖಾಲಿ ಮನೆಯಲ್ಲಿ ಅಭ್ಯಾಸ ಮಾಡುವಾಗ ರೆಕಾರ್ಡ್ ಮಾಡಲು ಅದೇ ಚೆಂದ. ಇನ್ನೊಮ್ಮೆ ಪ್ಲೈವುಡ್ ತಟ್ಟೆಗೆ ಹಾಸಿಗೆಯ ಫೋಮ್ ಅಂಟಿಸಿ, ಎರಡೂ ಬದಿಗೆ ಕಾಲರ್ ಮೈಕ್ ಸಿಕ್ಕಿಸಿ, ಜೂನ್ ರಾತ್ರಿ ತೋಟದ ಕಪ್ಪೆಗಳನ್ನು ಹಿಡಿದೆ. ಮೇಲೆ ಮಳೆ ಹನಿ ತಟತಟ ಬೀಳುತ್ತಿತ್ತು. ಅಡಿಕೆ ಹಾಳೆ ಮುಚ್ಚಿದರೆ ಇನ್ನೂ ಜೋರು. ಹಾಳೆಯ ಮೇಲೆ ತೆಂಗಿನ ನಾರಿನ ಮ್ಯಾಟ್ ಇಟ್ಟೆ, ಹನಿ ಸದ್ದಿಲ್ಲದೆ ಇಳಿಯಿತು. ಹೆಡ್‌ಫೋನ್‌ನಲ್ಲಿ ಆ ಕಪ್ಪೆಗಳು ಕಾಲ ಬುಡದಲ್ಲೇ ಇರುತ್ತವೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

"ಎಲ್ಲರೂ ಮೊಬೈಲ್‌ನಲ್ಲಿ ಕೇಳುತ್ತಾರೆ, ಸ್ಟೀರಿಯೋ ಯಾರಿಗೆ ಬೇಕು?" ಅಂತ ಸ್ಟುಡಿಯೋದವರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಈಗಿನ ಜೋಡಣೆಯನ್ನು ಮೋನೋ ಮಾಡಿದರೆ ದನಿ ಸ್ವಲ್ಪ ಮೂಗಿಗೆ ಹತ್ತಿದ ಹಾಗೆ ಆಗುತ್ತದೆ, ಮಾತು ಒಂದಕ್ಷರವೂ ಹೋಗುವುದಿಲ್ಲ. ಇಯರ್‌ಫೋನ್ ಹಾಕಿದವರಿಗೆ ಇಡೀ ವೇದಿಕೆ ಸಿಗುತ್ತದೆ. ನಾನು ಕೆಲಸ ಮಾಡುವುದು ಅವರಿಗಾಗಿ.

ಕಳೆದ ಜುಲೈಯಲ್ಲಿ ಸುಳ್ಯದ ಹತ್ತಿರ ಸುಮಾರು ನಾಲ್ಕು ಗಂಟೆಯ ತಾಳಮದ್ದಳೆ. ಶೀಟಿನ ಮಾಡು, ಮಧ್ಯೆ 20 ನಿಮಿಷ ಜೋರು ಮಳೆ, ಅಷ್ಟು ಭಾಗ ಏನೂ ಮಾಡಲು ಆಗಲಿಲ್ಲ. ಉಳಿದದ್ದು ಒಂದು ಗೆರೆ ಕೂಡ ಸರಿಯದೆ ಬಂತು. ಬಾರ್ ಮೇಲಿನ ಫ್ಯಾನ್ ನಿಲ್ಲಿಸಿದ್ದೆ. ಎಎ ಸೆಲ್ ನಂಬದೆ ಪವರ್ ಬ್ಯಾಂಕ್ ಹಾಕಿದ್ದೆ, ಫ್ಯಾಂಟಮ್ (ರೆಕಾರ್ಡರ್ ಕೇಬಲ್ ಮೂಲಕ ಮೈಕ್‌ಗೆ ಕೊಡುವ ಕರೆಂಟ್) ಇದ್ದರೆ ಸೆಲ್ ಮೂರು ಗಂಟೆ ದಾಟುವುದು ಕಷ್ಟ. ಇದುವರೆಗೆ ಎಲ್ಲ ಸೇರಿ ಕೈಯಿಂದ ಹೋದದ್ದು 45 ಸಾವಿರದ ಹತ್ತಿರ. ಅದರಲ್ಲಿ ಮೂರನೇ ಒಂದು ಭಾಗ ತಪ್ಪುಗಳಿಗೆ ಕೊಟ್ಟದ್ದು. ಸೌಂಡ್ ಸಿಸ್ಟಮ್‌ನವರು ಕೇಳಿ, ಏನೂ ಹೇಳದೆ, ದೋಟಿ ಕಟ್ಟುವುದು ಹೇಗೆ ಅಂತ ವಿಚಾರಿಸಿದರು.

ನನ್ನ ಸೋದರಮಾವ ಹಿಂದೆ ಅರ್ಥ ಹೇಳುತ್ತಿದ್ದವರು. ಈಗ ಕಾಲು ನೋವು, ಎಲ್ಲಿಗೂ ಹೋಗುವುದಿಲ್ಲ. ಅವರಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ವಾಲಿ ಮಾತು ಶುರು ಮಾಡಿದಾಗ ತಲೆ ಬಲಕ್ಕೆ ತಿರುಗಿತು, ರಾಮ ಉತ್ತರ ಕೊಟ್ಟಾಗ ಎಡಕ್ಕೆ. ಒಂದು ಪದ್ಯ ಮುಗಿಯುವವರೆಗೆ ಕೇಳಿ ಹೆಡ್‌ಫೋನ್ ಒಂದು ಕಿವಿಯಿಂದ ಸರಿಸಿದರು.

"ಚಕ್ರತಾಳದವ ಎಂತಕ್ಕೆ ಅಷ್ಟು ಹಿಂದೆ ಕೂತದ್ದು?"

"ಮುಂದೆ ಜಾಗ ಇರಲಿಲ್ಲ ಮಾವ, ಗೋಡೆ ಬದಿಗೆ ಕೂತಿದ್ದರು" ಅಂದೆ.

"ಹಾಂ, ಗೊತ್ತಾಗ್ತದೆ" ಅಂತ ಮತ್ತೆ ಹೆಡ್‌ಫೋನ್ ಹಾಕಿಕೊಂಡರು.