ಕುಡಿತ ಬಿಟ್ಟು ಕೆಲಸಕ್ಕೆ ಮರಳಿದ್ದೀರಾ? ಮೊದಲು ಸಂಜೆಯನ್ನು ನೋಡಿಕೊಳ್ಳಿ

ಮದ್ಯವರ್ಜನ ಶಿಬಿರದ ಎಂಟು ದಿನವೋ, ಆಸ್ಪತ್ರೆಯ ಎರಡು ಮೂರು ವಾರವೋ ಹೇಗೋ ಕಳೆದುಹೋಗುತ್ತದೆ. ಅಲ್ಲಿ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಮಾತಾಡಿಸುವ ಜನ ಎಲ್ಲ ಇರುತ್ತದೆ. ಬಾಟಲಿ ಮಾತ್ರ ಇರುವುದಿಲ್ಲ. ಊರಿಗೆ ಬಂದು ಕೆಲಸಕ್ಕೆ ಹೊರಟ ಮೇಲೆ ಕಥೆಯೇ ಬೇರೆ. ಅದೇ ಬಸ್ಸು, ಅದೇ ಮೇಸ್ತ್ರಿ, ಶನಿವಾರ ಅದೇ ಬಟವಾಡೆ. ನನ್ನ ಪ್ರಕಾರ ಕೆಲಸದ ಹೊತ್ತು ಅಷ್ಟು ಅಪಾಯದ್ದಲ್ಲ. ಕೈಗೆ ಕೆಲಸ ಇರುತ್ತದೆ, ಮೇಲೆ ಕಣ್ಣಿಟ್ಟವರೂ ಇರುತ್ತಾರೆ. ಕೆಲಸ ಬಿಟ್ಟು ಮನೆ ಸೇರುವವರೆಗಿನ ಒಂದೆರಡು ತಾಸು ಇದೆಯಲ್ಲ, ಕಷ್ಟ ಇರುವುದು ಅಲ್ಲಿ.

ಡಾಕ್ಟರಿಗೆ ಕೆಲಸ ಏನೆಂದು ಬಿಡಿಸಿ ಹೇಳಿ

"ತೋಟದ ಕೆಲಸ" ಅಂದರೆ ಸಾಲದು. ಮರ ಹತ್ತುವ ಕೊನೆಗಾರರೋ, ಲಾರಿ ಓಡಿಸುವವರೋ, ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮಾಡುವವರೋ ಅನ್ನುವುದು ಅವರಿಗೆ ಗೊತ್ತಾಗಬೇಕು. ಕೈನಡುಕ, ನಿದ್ದೆಗೇಡಿಗೆ ಕೊಡುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. 50 ಅಡಿ ಎತ್ತರದ ಅಡಿಕೆ ಮರದ ತುದಿಯಲ್ಲಿ ಮಂಪರು ಬಂದರೆ? ಅಂಥವರು ಮೊದಲ ಕೆಲವು ವಾರ ಕೆಳಗಿನ ಕೆಲಸ ಕೇಳಿ ಪಡೆಯುವುದು ಒಳ್ಳೆಯದು. ಗೊನೆ ಹೊರುವುದು, ಸುಲಿಯುವುದು, ಒಣಗಿಸುವುದು, ಕೆಲಸಕ್ಕೇನೂ ಬರವಿಲ್ಲ.

ಕೆಲವರಿಗೆ ಡೈಸಲ್ಫಿರಾಮ್ ಮಾತ್ರೆ ಬರೆದಿರುತ್ತಾರೆ. ಇದರ ಮೇಲೆ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಡವಡವ ಅನ್ನುತ್ತದೆ, ವಾಂತಿ ಆಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು 14 ದಿನ ಇದರ ಪ್ರಭಾವ ಉಳಿಯಬಹುದು. ಕೆಲವು ಕೆಮ್ಮಿನ ಸಿರಪ್ಪಿನಲ್ಲಿ, ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲಿ ಆಲ್ಕೊಹಾಲ್ ಇರುತ್ತದೆ. ಹಾಗಾಗಿ ಕೇಳದೆ ಅವನ್ನೂ ತಗೊಳ್ಳಬೇಡಿ. ಮನೆಯವರಿಗೂ ಒಂದು ಮಾತು. ಗೊತ್ತಾಗದ ಹಾಗೆ ಸಾರಿಗೆ ಈ ಮಾತ್ರೆ ಪುಡಿ ಮಾಡಿ ಹಾಕುವವರಿದ್ದಾರೆ. ಅದು ಜೀವಕ್ಕೇ ಕುತ್ತು ತರಬಹುದು. ದಯವಿಟ್ಟು ಬೇಡ.

ಖಾಲಿ ಹೊತ್ತು ಎಲ್ಲಿದೆ ಅಂತ ಬರೆಯಿರಿ

ಒಂದು ಹಾಳೆ ತಗೊಳ್ಳಿ. ಕೆಲಸ ಬಿಡುವುದು ಎಷ್ಟಕ್ಕೆ, ಬಸ್ ಎಷ್ಟಕ್ಕೆ, ಮನೆ ತಲುಪುವುದು ಎಷ್ಟಕ್ಕೆ ಅಂತ ಬರೆಯಿರಿ. ಐದೂವರೆಗೆ ಕೆಲಸ ಬಿಟ್ಟು ಏಳು ಗಂಟೆಗೆ ಹೊಸನಗರದ ಬಸ್ ಹಿಡಿಯುವವರಿಗೆ ಮಧ್ಯೆ ಒಂದೂವರೆ ತಾಸು ಖಾಲಿ. ಬಸ್ ಸ್ಟ್ಯಾಂಡ್ ಹತ್ತಿರ ಬಾರ್ ಇಲ್ಲದ ಊರನ್ನು ಮಲೆನಾಡಿನಲ್ಲಿ ಹುಡುಕಬೇಕು. ಮೊದಲೆಲ್ಲ ಆ ಹೊತ್ತು ಎಲ್ಲಿಗೆ ಹೋಗುತ್ತಿತ್ತು ಅಂತ ನಿಮಗೇ ಗೊತ್ತು.

ಮೊದಲು ಹೊಟ್ಟೆಗೆ ಹಾಕಿ. ಕೆಲಸ ಬಿಟ್ಟ ಕೂಡಲೇ ಎರಡು ಇಡ್ಲಿ, ಒಂದು ಲೋಟ ಕಾಫಿ. ತಮಾಷೆಗೆ ಹೇಳುತ್ತಿಲ್ಲ. ಹಸಿವು, ಸಿಟ್ಟು, ಒಂಟಿತನ, ದಣಿವು, ಕುಡಿಯಬೇಕು ಅನ್ನಿಸುವುದು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದಿದ್ದಾಗ. ನಾಲ್ಕರಲ್ಲಿ ಹಸಿವನ್ನು ಹತ್ತು ನಿಮಿಷದಲ್ಲಿ ಕಳೆಯಬಹುದು. ಆಮೇಲೆ ಬಾರ್ ಇಲ್ಲದ ದಾರಿ ಹಿಡಿಯಿರಿ, ಸುತ್ತಾದರೂ ಪರವಾಗಿಲ್ಲ. ಶಿವಮೊಗ್ಗದಲ್ಲಿದ್ದರೆ ಗಾಂಧಿ ಬಜಾರಿನಲ್ಲಿ ಮನೆಗೆ ಬೇಕಾದ ತರಕಾರಿ ಕೊಳ್ಳಿ. ಕೈಯಲ್ಲಿ ಚೀಲ ತುಂಬಿದ್ದರೆ ಬಾರಿಗೆ ನುಗ್ಗಲು ಮನಸ್ಸು ಸ್ವಲ್ಪ ಹಿಂಜರಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಆಸೆ ಬಂದೇ ಬರುತ್ತದೆ. ಏರಿ ಬಂದ ಆಸೆ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಇಳಿಯುತ್ತದೆ. ಆ ಅರ್ಧ ತಾಸು ಒಬ್ಬರೇ ಇರಬೇಡಿ. ಮೊದಲೇ ಒಪ್ಪಿಸಿಟ್ಟುಕೊಂಡ ಒಬ್ಬರಿಗೆ ಫೋನ್ ಹಚ್ಚಿ. "ಈಗ ಕುಡೀಬೇಕು ಅನ್ಸ್ತಿದೆ, ಸುಮ್ನೆ ಮಾತಾಡ್ತಿರು" ಅಂದರೆ ಸಾಕು. ಶಿಬಿರ ಮುಗಿಸಿದವರಿಗೆ ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿ ಇರುತ್ತದೆ. ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಹತ್ತಿರದಲ್ಲಿದ್ದರೆ ಅಲ್ಲಿಗೂ ಹೋಗಬಹುದು, ಅಲ್ಲಿ ಶುಲ್ಕ ಇಲ್ಲ.

ಬಟವಾಡೆ ದಿನ

ಮುಂಚೆ ಕೂಲಿ ಹಣವನ್ನು ಹೆಂಡತಿಯೋ ಅಮ್ಮನೋ ಇಸಿದುಕೊಂಡರೆ ಸಾಕಿತ್ತು. ಈಗ ಫೋನಿನಲ್ಲೇ ಹಣ ಇದೆ, ಕ್ವಾರ್ಟರಿಗೂ ಸ್ಕ್ಯಾನ್ ಮಾಡಿದರೆ ಆಯಿತು. ಹಾಗಾಗಿ ಕೂಲಿ ಬೀಳುವ ಖಾತೆಯನ್ನು ಫೋನಿನಿಂದ ಬಿಡಿಸಿ. ದಿನದ ಖರ್ಚಿಗೆ ಬೇಕಾದಷ್ಟೇ ಜೇಬಿನಲ್ಲಿರಲಿ. ಸ್ವಸಹಾಯ ಸಂಘದ ಕಂತು, ಅಂಗಡಿ ಬಾಕಿ ಅದೇ ಸಂಜೆ ಕಟ್ಟಿಬಿಡಿ.

ತೋಟದ ಯಜಮಾನರಿಗೂ ಇದರಲ್ಲಿ ಪಾಲಿದೆ. ಕೊಯ್ಲಿನ ಕಾಲದಲ್ಲಿ ಸಂಬಳದ ಜೊತೆ "ಖುಷಿಗೆ" ಒಂದು ಕ್ವಾರ್ಟರ್ ಕೊಡುವ ರೂಢಿ ಕೆಲವು ಕಡೆ ಇನ್ನೂ ಇದೆ. ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿರುತ್ತದೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರ ಕೈ ಚಕಚಕ ಓಡುತ್ತಿರುತ್ತದೆ, ಅಷ್ಟರಲ್ಲಿ ಯಾರೋ ಚೀಲದಿಂದ ಬಾಟಲಿ ತೆಗೆಯುತ್ತಾರೆ. ಬಿಟ್ಟವನಿಗೆ ಎದ್ದು ಹೋಗಲು ಜಾಗ ಎಲ್ಲಿದೆ? ಅದರ ಬದಲು ನೂರಿನ್ನೂರು ಜಾಸ್ತಿ ಕೊಡಿ. ಆಳು ಸಿಗುವುದಿಲ್ಲ ಅಂತ ಗೊಣಗುವವರೇ ಇದ್ದ ಆಳನ್ನು ಬಾಟಲಿ ಕೊಟ್ಟು ಕಳೆದುಕೊಳ್ಳುವುದು ಯಾವ ಲೆಕ್ಕ?

"ಏನ್ ಗುರು, ಸ್ವಾಮೀಜಿ ಆಗ್ಬಿಟ್ಯಾ?"

ಈ ಪ್ರಶ್ನೆ ಬರುತ್ತದೆ. ಚಿಕ್ಕ ಉತ್ತರ ಇಟ್ಟುಕೊಳ್ಳಿ: "ಮಾತ್ರೆ ತಗೋತಿದೀನಿ, ಆಗಲ್ಲ." ಅಷ್ಟೇ. ಕಥೆ ಹೇಳಲು ಕೂತರೆ ವಾದ ಶುರುವಾಗುತ್ತದೆ, ಕುಡಿದವರ ಜೊತೆ ವಾದ ಮಾಡಿ ಗೆದ್ದವರಿಲ್ಲ. "ಜೊತೆಗೆ ಕೂತ್ಕೋ, ಸೋಡಾ ಕುಡಿ" ಅನ್ನುವವರಿಗೂ ಮೊದಲ ಕೆಲವು ತಿಂಗಳು ಬೇಡ ಅನ್ನಿ.

ಜಾತ್ರೆ, ಬಾಡೂಟಕ್ಕೆ ಹೋಗಲೇಬೇಕಾದರೆ ಮಧ್ಯಾಹ್ನದ ಪಂಕ್ತಿಗೆ ಹೋಗಿ ಕತ್ತಲಾಗುವ ಮೊದಲು ಹೊರಡಿ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ, ನಿಜ. ಒಂದು ಸಲ ತಪ್ಪಿಸಿದರೆ ಅಮ್ಮ ಮುನಿಯುವುದಿಲ್ಲ.

ಮಳೆಗಾಲದ ನೆಪ

"ಈ ಥಂಡಿಗೆ ಒಂಚೂರು ಬೇಕಪ್ಪ" ಅನ್ನುವುದು ಜೂನ್ ಬಂತೆಂದರೆ ಶುರು. ಕುಡಿದರೆ ಮೈ ಬೆಚ್ಚಗಾದ ಹಾಗೆ ಅನ್ನಿಸುವುದು ಚರ್ಮದ ರಕ್ತನಾಳ ಹಿಗ್ಗುವುದರಿಂದ. ಒಳಗಿನ ಶಾಖ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ಮೈ ನಿಜಕ್ಕೂ ಇನ್ನಷ್ಟು ತಣ್ಣಗಾಗುತ್ತದೆ. ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಹುರಿದು ಪುಡಿ ಮಾಡಿದ ಕಷಾಯ ಫ್ಲಾಸ್ಕಿನಲ್ಲಿ ಒಯ್ಯಿರಿ. ಬೆಲ್ಲ ಜಾಸ್ತಿಯೇ ಹಾಕಿ. ಬಿಟ್ಟ ಹೊಸತರಲ್ಲಿ ಸಿಹಿಯ ಆಸೆ ಹೆಚ್ಚು, ಸಕ್ಕರೆ ಕಾಯಿಲೆ ಇಲ್ಲದಿದ್ದರೆ ತಿನ್ನಬಹುದು.

ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವವರೂ ಇದ್ದಾರೆ: ಗುಟ್ಕಾ, ಹೊಗೆಸೊಪ್ಪಿನ ಕವಳ. ಅಡಿಕೆಯಿಂದಲೇ ಅನ್ನ ತಿನ್ನುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಅದು ಬಾಯಿಯ ಕ್ಯಾನ್ಸರಿನ ದಾರಿ.

ಜಾರಿದರೆ

ಸಿಗಂದೂರಿನಲ್ಲಿ ಆಣೆ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಮನೆಯವರು ನಂಬುತ್ತಾರೆ. ಕೆಲವರಿಗೆ ಅದು ಬಲವೂ ಹೌದು. ತೊಂದರೆ ಏನೆಂದರೆ, ಆಣೆ ಮುರಿದವನು ಹೆದರಿ ಮುಚ್ಚಿಡುತ್ತಾನೆ. ಮುಚ್ಚಿಟ್ಟಷ್ಟೂ ಕುಡಿತ ಬೆಳೆಯುತ್ತದೆ. ಹಾಗಾಗಿ ಜಾರಿದ ದಿನವೇ ಒಬ್ಬರಿಗೆ ಹೇಳಿ, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಿ, ಆ ವಾರವೇ ಡಾಕ್ಟರನ್ನು ಕಾಣಿ.

ನಾಲ್ಕಾರು ದಿನ ಬಿಡದೆ ಕುಡಿದಿದ್ದರೆ ಮಾತ್ರ ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ. ಕೊನೆಯ ಗುಟುಕಿನ 6ರಿಂದ 24 ತಾಸಿನೊಳಗೆ ನಡುಕ, ಬೆವರು ಶುರುವಾಗಬಹುದು. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದು ಕಂಡು ಬಡಬಡಿಸುವುದೂ ಉಂಟು. ಅಂಥವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕೂಡಲೇ ಕರೆದೊಯ್ಯಿರಿ. ತುರ್ತು ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಆಗುತ್ತದೆ. ನಿಮ್ಮೂರಿಗೆ ಮನೋವೈದ್ಯರು ಯಾವ ಮಂಗಳವಾರ ಬರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಮನೆಯವರ ಫೋನಿನಲ್ಲೂ.